ಹಾಕದೆ ಬಿಟ್ಟ ಗಂಟು

ಸೆಪ್ಟೆಂಬರ್ ಮೂವತ್ತು ಎಂದರೆ ಟ್ರೌಟ್ ಮೀನು ಹಿಡಿಯುವವರಿಗೆ ಆ ವರ್ಷದ ಹಂಗಾಮಿನ ಕೊನೆಯ ದಿನ. ಆವತ್ತೇ ಮಧ್ಯಾಹ್ನದಿಂದ ಮಳೆ ಹಿಡಿದುಕೊಂಡಿತು. ಅಸ್ಕ್ ನದಿಯ ದಂಡೆಯ ಮರದ ಗುಡಿಸಲಿನಲ್ಲಿ ನಾಲ್ಕೈದು ಜನ ಗಾಳದವರು ಒಲೆಯ ಸುತ್ತ ಕೂತು, ಒದ್ದೆ ಕಾಲುಚೀಲ ಒಣಹಾಕಿ, ಮಳೆಗೆ ಹಿಡಿಶಾಪ ಹಾಕುತ್ತಿದ್ದರು. ಬಯ್ಯದೆ ಸುಮ್ಮನಿದ್ದವಳು ತೆಗ್ವೆನಜ್ಜಿ ಒಬ್ಬಳೇ. ಆಕೆ ಅಲ್ಲಿ ಚಹಾ ಕಾಸಿಕೊಡುತ್ತ, ಮೀನಿಗೆ ಆಸೆ ತೋರಿಸುವ ಹುಸಿ ನೊಣ ಕಟ್ಟಿ ಮಾರುತ್ತ ಮುದುಕಿಯಾದವಳು. ಗಾಳದ ಮೇಲೆ ಕೌಜುಗದ ಗರಿ, ಮೊಲದ ಕೂದಲು ಇಟ್ಟು ಆಕೆ ರೇಷ್ಮೆ ದಾರ ಸುತ್ತಿದರೆ, ಮೀನಿನ ಮಾತು ಹಾಗಿರಲಿ, ನಿಜವಾದ ನೊಣವೇ ಬಂದು ಕ್ಷೇಮಸಮಾಚಾರ ಕೇಳುತ್ತದೆ ಎಂದು ಕಟುಕರ ಪೊವೆಲ್ ತಮಾಷೆ ಮಾಡುತ್ತಿದ್ದ.

ಊರಿಗೆ ಹೊಸದಾಗಿ ಬಂದಿದ್ದ ಅಂಚೆಯ ರೋದ್ರಿ ಎಲ್ಲರಿಗಿಂತ ಕೊನೆಗೆ ಬಾಗಿಲು ದೂಡಿಕೊಂಡು ಬಂದ.

"ಹಗ್ಗ ಇದ್ರೆ ಕೊಡ್ರಪ್ಪಾ! ಆಲ್ಡರ್ ಮರಗಳ ಮಡುವಿನ ನಡುವೆ ಯಾರೋ ನಿಂತಿದ್ದಾನೆ. ನೀರು ಏರ್ತಿದೆ ಬಾರಯ್ಯಾ ಅಂತ ಗಂಟಲು ಹರಿಯೋ ಹಾಗೆ ಕೂಗ್ದೆ. ತಲೆ ಎತ್ತಿದ್ರೆ ಕೇಳಿ!"

ಯಾರೂ ಏಳಲಿಲ್ಲ. ಯಾವ ಮಾತಿಗೂ ಕುಚೋದ್ಯ ಮಾಡುವ ಪೊವೆಲ್ ಕೂಡ ತನ್ನ ಲೋಟದೊಳಗೆ ನೋಡುತ್ತ ಕೂತ. ಅದನ್ನು ಕಂಡು ರೋದ್ರಿಗೆ ಮೊದಲ ಸಲ ಹೆದರಿಕೆಯಾಯಿತು.

"ಕೈ ಬಾಯಿ ಹತ್ರ ಇತ್ತಾ?" ಅಜ್ಜಿ ಕೇಳಿದಳು.

"ಹೌದು... ಹಲ್ಲಲ್ಲಿ ದಾರ ಕಚ್ಚಿಕೊಂಡ ಹಾಗಿತ್ತು."

"ಹಾಗಾದ್ರೆ ಕೂತ್ಕೋ ಮಗ. ಹಗ್ಗ ಬೇಕಾಗಿದ್ದು ನಲವತ್ತೊಂದು ವರ್ಷದ ಹಿಂದೆ." ಅವನ ಕೈಗೆ ಚಹಾ ಕೊಟ್ಟು, ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು ಆಕೆ ಶುರುಮಾಡಿದಳು.

"ಅವನು ನನ್ ಗಂಡ ಇಥೆಲ್. ಇಲ್ಲಿರೋರಲ್ಲಿ ಅವನು ಬದುಕಿದ್ದಾಗ ನೋಡಿದೋನು ಪೊವೆಲ್ ಒಬ್ಬನೇ, ಆಗ ಇವನಿಗೆ ಮೂಗು ಒರೆಸ್ಕೊಳ್ಳೋಕೂ ಬರ್ತಿರ್ಲಿಲ್ಲ. ಇಥೆಲ್ ಬಲು ಹಟಮಾರಿ... ಪೇಟೆಯಿಂದ ಎಂಥ ನೊಣ ತಂದುಕೊಟ್ರೂ ಮುಟ್ಟೋನಲ್ಲ, ನನ್ನ ಹೆಂಡತಿ ಕಟ್ಟಿದ್ದು ಬಿಟ್ಟು ಬೇರೇದು ನೀರಿಗೆ ಹಾಕಲ್ಲ ಅಂತ ಊರೆಲ್ಲ ಡಂಗುರ ಸಾರೋನು. ಕೇಳೋಕೆ ಚೆಂದ, ಅಲ್ವಾ? ಆದ್ರೆ ನದಿಗೆ ಇಳಿದ್ರೆ ಆ ಹೆಂಡತೀನೇ ಮರೀತಿದ್ದ. ಐದಕ್ಕೆ ಬರ್ತೀನಿ ಅಂದ್ರೆ ಎಂಟು ಅಂತ ತಿಳ್ಕೋಬೇಕು.

"ಆ ವರ್ಷ ಇದೇ ಕೊನೇ ದಿನ ಸಾಯಂಕಾಲ ಚಾಪೆಲ್ಲಲ್ಲಿ ಹಾಡಿನ ಕೂಟ. ನಾನು ಒಬ್ಬಳೇ ಎದ್ದು ನಿಂತು ಹಾಡ್ಬೇಕು, ಜೀವಮಾನದಲ್ಲಿ ಮೊದಲ್ನೇ ಸಲ... ಬರ್ತೀಯಾ ಅಂದೆ, ಬರದೆ ಇರ್ತೀನಾ ಅಂದ, ಮೂರು ನೊಣ ಕಟ್ಟಿಕೊಡು ಅಂದ. ಅವನ 'ಬರ್ತೀನಿ' ಏನು ಅಂತ ನನಗೆ ಗೊತ್ತಿಲ್ವಾ? ದಾರ ಮುಗಿದಿದೆ ಅಂತ ಸುಳ್ಳು ಹೇಳಿ ಒಂದೇ ಕಟ್ಟಿದೆ, ಅದಕ್ಕೂ ನೊಣದ ತಲೆ ಹತ್ರ ಹಾಕೋ ಕೊನೇ ಗಂಟು ಹಾಕ್ಲಿಲ್ಲ. ದಾರದ ತುದಿಗೆ ಮೇಣ ಒತ್ತಿ ಬಿಟ್ಟೆ, ನೋಡೋಕೆ ಗಂಟಿನ ಹಾಗೇ ಇತ್ತು. ಎರಡು ಮೀನು ಕಚ್ಚಿದ್ರೆ ಬಿಚ್ಚಿಹೋಗುತ್ತೆ, ಗೊಣಗ್ಕೊಂಡು ಮನೆಗೆ ಬರ್ತಾನೆ, ಷರಟು ಬದಲಾಯಿಸಿ ಚಾಪೆಲ್ಲಿಗೆ ಎಳ್ಕೊಂಡು ಹೋದ್ರಾಯ್ತು... ಅಷ್ಟೇ ಕಣ್ರೋ ನನ್ನ ಮನಸ್ಸಲ್ಲಿ ಇದ್ದಿದ್ದು. ಅಷ್ಟು ಆಸೆ ತಪ್ಪಾ?

"ಬಿಚ್ತು. ನಾನಂದ್ಕೊಂಡ ಹಾಗೇ ಬಿಚ್ತು... ಅವನು ಮನೆಗೂ ಬರ್ಲಿಲ್ಲ, ದಡಕ್ಕೂ ಬರ್ಲಿಲ್ಲ. ಸೊಂಟದ ಮಟ್ಟ ನೀರಲ್ಲಿ ನಿಂತೇ, ಕನ್ನಡಕ ಮೂಗಿನ ತುದಿಗೆ ಇಳಿಸಿ, ದಾರದ ತುದಿ ಹಲ್ಲಲ್ಲಿ ಕಚ್ಚಿ, ಅದನ್ನೇ ಮತ್ತೆ ಸುತ್ತೋಕೆ ಹಿಡ್ದ. ಎಲೆ ಒಂದೊಂದೇ ತೇಲಿ ಬಂದ್ರೆ ಗಾಳಿ, ನೊರೆ ಕಸಕಡ್ಡಿ ಜೊತೆ ಗುಂಪಾಗಿ ಬಂದ್ರೆ ಬೆಟ್ಟದಲ್ಲಿ ಮಳೆ, ನೆರೆ ಬರುತ್ತೆ, ಬಿಟ್ಟೋಡು ಅನ್ನೋದು ಈ ದಂಡೇಲಿ ಹುಟ್ಟಿದ ಮಗೂಗೂ ಗೊತ್ತು. ಅವನಿಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತಪ್ಪ... ತಲೆ ಎತ್ತಿದ್ರೆ ತಾನೇ ಕಾಣೋದು? ಎದುರು ದಡದಲ್ಲಿ ಕುರಿ ಹೊಡ್ಕೊಂಡು ಹೋಗ್ತಿದ್ದೋನು ನಿನ್ನ ಹಾಗೇ ಕೂಗಿದನಂತೆ. ಕೇಳ್ಲಿಲ್ಲ.

"ನಾನು ಆಗ ಹಾಡ್ತಿದ್ದೆ. ಕಣ್ಣೆಲ್ಲ ಬಾಗಿಲ ಮೇಲೆ. ಬರ್ಲಿಲ್ವಲ್ಲ ಅಂತ ಸಿಟ್ಟು ಬಂದು ಇನ್ನೂ ಜೋರಾಗಿ ಹಾಡ್ದೆ, ಊರೋರೆಲ್ಲ ಹೊಗಳಿದ್ರು... ಬೆಳಗ್ಗೆ ಕೆಳಗಿನ ಸೇತುವೆ ಹತ್ರ ಸಿಕ್ಕಿದ. ಹಲ್ಲು ಬಿಡಿಸಿ ದಾರ ತೆಗೀಬೇಕಾಯ್ತು. ಆರು ಸುತ್ತು ನೀಟಾಗಿ ಸುತ್ತಿದ್ದ. ಗಂಟು ಮಾತ್ರ ಇಲ್ಲ. ಅವನಿಗೆ ಗಂಟು ಹಾಕೋಕೆ ಬರ್ತಿರ್ಲಿಲ್ಲ ಮಗ, ಯಾವತ್ತೂ ನಾನೇ ಹಾಕೋಳು.

"ಆ ನೊಣಾನ ಅವನ ಜೇಬಿಗೇ ಹಾಕಿ ಮಣ್ಣು ಮಾಡಿದ್ವಿ. ಮರುವರ್ಷ ಇದೇ ದಿನ ಅದು ಮಡುವಿನ ದಂಡೆ ಕೊಂಬೇಲಿ ಸಿಕ್ಕಿಸಿತ್ತು... ಅದೇ ಆರು ಸುತ್ತು. ಆವತ್ತಿಂದ ವರ್ಷಕ್ಕೊಬ್ಬರ ಕಣ್ಣಿಗೆ ಅವನು ಬೀಳ್ತಾನೆ. ನನಗೆ ಮಾತ್ರ ಇಲ್ಲ. ನಲವತ್ತೊಂದು ವರ್ಷ ಹೋಗಿ ಹೋಗಿ ನಿಂತಿದ್ದೀನಿ, ಬರೀ ನೀರು ಕಣಪ್ಪ, ಬರೀ ನೀರು. ನೊಣ ಮಾತ್ರ ಕಳಿಸ್ತಾನೆ, ಗಂಟು ಹಾಕಿಕೊಡು ಅಂತ."

ರೋದ್ರಿ ಮೆಲ್ಲಗೆ ಟೋಪಿ ತೆಗೆದ. ದಂಡೆಯ ಕೊಂಬೆಯಲ್ಲಿ ಸಿಕ್ಕಿಸಿದ್ದ ನೊಣವೊಂದನ್ನು, ಯಾರೋ ಬಿಟ್ಟುಹೋದದ್ದೆಂದು, ಅವನು ಟೋಪಿಯ ಪಟ್ಟಿಗೆ ಚುಚ್ಚಿಕೊಂಡು ಬಂದಿದ್ದ. ಅಷ್ಟು ಹೊತ್ತು ಒಲೆಯ ಪಕ್ಕದಲ್ಲಿದ್ದರೂ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಂಪು ದಾರದ ತುದಿ ಸಡಿಲವಾಗಿ ನೇತಾಡುತ್ತಿತ್ತು.

"ಗಂಟು ಹಾಕಿಬಿಡಿ ಅಜ್ಜಿ," ಅಂದ. ನೊಣವನ್ನು ಕಿತ್ತು ಆಕೆಯ ಮುಂದೆ ಹಿಡಿದ. "ಪಾಪ, ಅವನು ಹೋಗ್ಲಿ."

ಅಜ್ಜಿ ಕನ್ನಡಕ ಏರಿಸಿ ನೊಣವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆರು ಸುತ್ತನ್ನೂ ಬಿಚ್ಚಿ, ಮತ್ತೆ ಸುತ್ತಿದಳು. ಕೊನೆಗೆ ದಾರದ ತುದಿಗೆ ಮೇಣ ಸವರಿ ಉಗುರಿನಿಂದ ಒತ್ತಿದಳು. ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ರೋದ್ರಿಗೆ ಅದು ಸ್ಪಷ್ಟವಾಗಿ ಕಂಡಿತು.

"ಅಜ್ಜಿ, ಗಂಟು?"

"ಗಂಟು ಹಾಕಿದ್ರೆ ಅವನ ಕೆಲಸ ಮುಗೀತಲ್ಲ ಮಗ. ಆಮೇಲೆ ಯಾಕೆ ಬರ್ತಾನೆ?" ಆಕೆ ನೊಣವನ್ನು ಅವನ ಅಂಗೈಯಲ್ಲಿಟ್ಟಳು. ಕೈಯನ್ನು ಮಾತ್ರ ಬಿಡಲಿಲ್ಲ. "ಹೇಗಿದ್ದ? ಚಳಿಯಾದ ಹಾಗೆ ಕಾಣ್ತಿದ್ನಾ?"

ಸುಳ್ಳು ಹೇಳಬೇಕೆಂದು ರೋದ್ರಿಗೆ ಅನ್ನಿಸಿತು. ಬಾಯಿ ಬರಲಿಲ್ಲ.

"ನಡುಗ್ತಿದ್ದ ಅಜ್ಜಿ."

ಆಕೆಯ ಕಣ್ಣು ತುಂಬಿತು. ಒಂದು ಗಳಿಗೆ ಅವನ ಅಂಗೈಯಲ್ಲಿದ್ದ ನೊಣವನ್ನೇ ನೋಡಿದಳು, ಮುಟ್ಟಲು ಬೆರಳನ್ನೂ ಚಾಚಿದಳು. ಆಮೇಲೆ ಅವನ ಮುಷ್ಟಿ ಮಡಚಿದಳು.

"ಕತ್ತಲಾಗೋದ್ರೊಳಗೆ ಅದೇ ಕೊಂಬೆಗೆ ಸಿಕ್ಕಿಸಿ ಬಾ. ಇನ್ನೊಂದೇ ವರ್ಷ..."

"ಹೋದ ವರ್ಷಾನೂ ಇದನ್ನೇ ಅಂದ್ರಿ ತೆಗ್ವೆನಜ್ಜಿ," ಅಂದ ಪೊವೆಲ್, ತಲೆ ಎತ್ತದೆ.

"ಅಂದೆ ಕಣೋ. ನನಗೂ ಎಂಬತ್ತೆರಡಾಯ್ತು." ಆಕೆ ರೋದ್ರಿಯ ಕೋಟಿನ ಗುಂಡಿ ಹಾಕಿ, ಬಾಗಿಲವರೆಗೂ ಬಂದಳು. "ಅಲ್ಲೇ ಇರ್ತಾನೆ, ಹೆದರ್ಬೇಡ, ಏನೂ ಮಾಡಲ್ಲ. ಸ್ವಲ್ಪ ತಡ್ಕೋ ಅಂತ ಹೇಳು ಮಗ... ಇಬ್ರೂ ಒಟ್ಟಿಗೇ ಹೋಗೋಣ ಅಂತ ಹೇಳು."