ಹಿತ್ತಲಿನ ದೇವಗಣಗಿಲೆ

ಬಸ್ಸಿಗೆ ಕಾಯುತ್ತ ಕೂತಿದ್ದ ಕುರುಬರಹಳ್ಳಿಯ ಲಕ್ಷ್ಮಿದೇವಮ್ಮನ ಪಕ್ಕದಲ್ಲೇ ಈ ಮಾತು ನಡೆಯಿತು. ಅವಳ ಊರಿನವನೇ ಆದ ಕೆಂಚಪ್ಪ, ಹೊಲ ಬಡಾವಣೆಗೆ ಹೋದಮೇಲೆ ಮಾಲಿ ಕೆಲಸ ಹಿಡಿದಿದ್ದ. ಅವನ ಸಸಿಬುಟ್ಟಿ ನೋಡಿ, ಕೋಟು ಹಾಕಿದ ಯಜಮಾನರೊಬ್ಬರು ಜೇಬಿನಿಂದ ಒಂದು ಫೋಟೋ ತೆಗೆದರು.

“ಇದ್ಯಾವ ಗಿಡ ಹೇಳಪ್ಪ? ನಮ್ಮ ಹೊಸ ಮನೆ ಹಿತ್ತಲಲ್ಲಿ ಮೊದಲೇ ಇತ್ತು. ಗೇಟಿನ ಎರಡೂ ಕಡೆ ಇದನ್ನೇ ನೆಡಿಸಿ ಅಂತಾಳೆ ಸೊಸೆ.”

“ಅಯ್ಯೋ, ದೇವಗಣಗಿಲೆ ಸಾರ್! ಗೇಟಿಗೆಲ್ಲ ಬ್ಯಾಡ. ನಮ್ ಕಡೆ ಇದನ್ನ ಸತ್ತೋರ ತಲೆದೆಸೇಲಿ ನೆಡೋದು.”

“ಏನಂದೆ? ಹಾಗಾದ್ರೆ ಇದರ ಕೆಳಗೆ ಹೆಣ ಇದೆಯಾ?”

ಕೆಂಚಪ್ಪ ನಗುತ್ತಲೇ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದ. ನಗು ಅಲ್ಲಿಗೇ ನಿಂತಿತು.

“ಹಿಂದ್ಗಡೆ ಕಾಣೋದು ಬಾವಿಕಟ್ಟೆ ಅಲ್ವಾ ಸಾರ್, ಒಂದು ಕಲ್ಲು ಮುರಿದಿರೋದು?”

“ಹೌದು. ನೋಡಿದೀಯಾ?”

ನೋಡದೇನು! ಆ ಮನೆ ಎದ್ದಿರುವ ಹೊಲ ಅವನದೇ ಆಗಿತ್ತು. ಅವನ ಹೆಂಡತಿ ಬೋರಮ್ಮನಿಗೆ ಅಲ್ಲಿ ಲಕ್ಷ್ಮಿದೇವಮ್ಮನೂ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದಳು.

“ಇಲ್ಲ ಸಾರ್... ನಾನು ಹೇಳಿದ್ದು ತಪ್ಪಾಯ್ತು. ಇದು ಬೇರೆ ಜಾತಿ, ಸೀಮೇದು. ಮನೆಗೆ ಒಳ್ಳೇದು. ಇರ್ಲಿ ಬಿಡಿ.”

“ಈಗ್ಯಾಕಯ್ಯ ಮಾತು ತಿರುಗಿಸ್ತೀಯ? ಸೊಸೆ ಬಸುರಿ. ನಾಳೆನೇ ಆಳು ಕರೆಸಿ ಬುಡಸಮೇತ ಕೀಳಿಸ್ತೀನಿ.”

“ಆಳು ಬ್ಯಾಡ ಸಾರ್. ನಾನೇ ಬತ್ತೀನಿ.”

“ಎಷ್ಟು ತಗೋತೀಯ?”

“ಏನೂ ಬ್ಯಾಡ. ಮೆತ್ತಗೆ ಅಗೀಬೇಕು ಸಾರ್, ಅಷ್ಟೇ.”

ಬಸ್ಸು ಬಂತು. ಹತ್ತುತ್ತಲೇ ಯಜಮಾನರು ಮನೆಗೆ ಬರುವ ದಾರಿ ಹೇಳತೊಡಗಿದರು.

“ದಾರಿ ನಂಗೊತ್ತು ಬಿಡಿ ಸಾರ್,” ಎಂದು ಕೆಂಚಪ್ಪ ಬುಟ್ಟಿ ಎತ್ತಿಕೊಂಡು ಅವರ ಹಿಂದೆಯೇ ಹತ್ತಿದ.