ಟ್ಯಾಬಿನ ಮೇಲಿನ ಕುಂಕುಮ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡುತ್ತೇನೆ ಎಂದುಕೊಂಡಿರಿ, ಅಲ್ಲವೇ? ಹಿಂದಿನ ಸಾಲಿನ ಅಜ್ಜ ಆಗಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾರೆ. ಶ್ರೀಮಂತನ ಕಥೆ ಎಂದರೆ ಅವರಿಗೆ ಜೋಗುಳ. ಇವತ್ತು ಶ್ರೀಮಂತನಿಗೆ ರಜೆ ಕೊಡೋಣ. ಒಂದೂರಲ್ಲಿ ಒಬ್ಬ ಇಸ್ತ್ರಿ ಮಾಡುವವನಿದ್ದ. ಹೆಸರು ದ್ಯಾಮಣ್ಣ ಎಂದಿಟ್ಟುಕೊಳ್ಳಿ. ನರ್ಸಿಂಗ್ ಕಾಲೇಜಿನ ಗೇಟಿನ ಎದುರಿಗೆ ಬೇವಿನ ಮರದ ಕೆಳಗೆ ಅವನ ತಳ್ಳುಗಾಡಿ. ಗಾಡಿಯ ಮೇಲೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಅವನಪ್ಪ ಕೊಟ್ಟ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ಇದ್ದಿಲು ತುಂಬಿ ಕಾಯಿಸುವಂಥದ್ದು. ಕಾಲೇಜಿನ ಮೇಡಂಗಳ ಸೀರೆ, ಹುಡುಗಿಯರ ಬಿಳಿ ಕೋಟು, ಎಲ್ಲವೂ ಅವನ ಕೈ ದಾಟಿಯೇ ಒಳಗೆ ಹೋಗಬೇಕು.

ಆ ಗೇಟಿನ ಒಳಗೆ ಈಗ ಅವನ ಮಗಳು ಕಸ್ತೂರಿ ಓದುತ್ತಿದ್ದಳು. ನೋಡಿ, ಇದು ಸಣ್ಣ ಮಾತಲ್ಲ. ಇಪ್ಪತ್ತು ವರ್ಷ ಯಾರ ಯಾರದೋ ಮಕ್ಕಳ ಕೋಟು ಇಸ್ತ್ರಿ ಮಾಡಿದವನು ಒಂದು ದಿನ ತನ್ನ ಮಗಳ ಕೋಟನ್ನು ಕಂಬಳಿಯ ಮೇಲೆ ಹಾಸಿದ. ಅವತ್ತು ಆ ಬಟ್ಟೆಯ ಮೇಲೆ ಬಿದ್ದ ಹನಿ ಚೊಂಬಿನ ನೀರೋ, ಕಣ್ಣಿನ ನೀರೋ, ಅವನಿಗೇ ತಿಳಿಯಲಿಲ್ಲವಂತೆ. ಮನೆದೇವರಿಗೆ ಕೈಮುಗಿದ. ಅರ್ಜಿ ತುಂಬಿಕೊಟ್ಟ ಮೇಡಂಗೆ ಕೈಮುಗಿದ. ಕೊನೆಗೆ ಇಸ್ತ್ರಿಪೆಟ್ಟಿಗೆಗೂ ಕೈಮುಗಿದ.

ಆದರೆ ಮೊದಲ ಟೆಸ್ಟಿನಲ್ಲೇ ಕಸ್ತೂರಿ ಅನಾಟಮಿಯಲ್ಲಿ ಫೇಲಾದಳು. ಅನಾಟಮಿ ಎಂದರೆ ನಮ್ಮ ದೇಹದೊಳಗೆ ಎಲ್ಲಿ ಏನಿದೆ ಎಂಬ ಪಾಠ. ಮೇಡಂ ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ತೋರಿಸುತ್ತ ಹೋಗುತ್ತಾರೆ. ಅದೇ ಚಿತ್ರ ಉಳಿದ ಹುಡುಗಿಯರ ಟ್ಯಾಬಿಗೂ ಬಂದಿರುತ್ತದೆ. ಅವರು ಆ ಚಿತ್ರದ ಮೇಲೆಯೇ ಪೆನ್ನಿನಿಂದ ಗುರುತು ಹಾಕಿ ಬರೆದುಕೊಳ್ಳುತ್ತಾರೆ. ಕಸ್ತೂರಿಗೆ ಬರಿಯ ನೋಟ್‌ಬುಕ್ಕು. ಅವಳು ಹೃದಯದ ಗೆರೆ ಎಳೆದು ಮುಗಿಸುವಷ್ಟರಲ್ಲಿ ಮೇಡಂ ಮೂತ್ರಪಿಂಡಕ್ಕೆ ಇಳಿದಿರುತ್ತಿದ್ದರು. ಇಡೀ ವರ್ಷಕ್ಕೆ ಮೂರು ಟೆಸ್ಟು. ಒಂದರಲ್ಲಾದರೂ ಪಾಸಾಗದವರನ್ನು ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾದರೆ ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. “ಓದು ತಲಿಗೆ ಹತ್ತಲಿಲ್ಲಂದ್ರ ಮನ್ಯಾಗರ ಇರಲಿ ಬಿಡು” ಎಂದು ಕಸ್ತೂರಿಯ ಅವ್ವ ಆಗಲೇ ಅನ್ನತೊಡಗಿದ್ದಳು. ಆ ಮಾತು ದ್ಯಾಮಣ್ಣನ ಎದೆಗೆ ಕೆಂಡದ ಹಾಗೆ ತಾಗಿತು.

ಸೀರೆ ಕೊಡಲು ಬಂದ ಆ ಅನಾಟಮಿ ಮೇಡಂ ಹತ್ತಿರವೇ ಅವನು ಕಷ್ಟ ಹೇಳಿಕೊಂಡ. ಆ ತಾಯಿ ನಿಂತು ಕೇಳಿದರು. “ನೋಡ್ರಿ ದ್ಯಾಮಣ್ಣ, ಟ್ಯಾಬ್ ತಗೊಳ್ಳೋವಾಗ ಕ್ಯಾಮರಾ ಹೆಂಗೈತಿ, ಸಿನಿಮಾ ಹೆಂಗ ಕಾಣತೈತಿ ಅಂತ ಕೇಳಬ್ಯಾಡ್ರಿ. ಮಗಳನ್ನ ಕರ್ಕೊಂಡು ಹೋಗ್ರಿ. ಅಂಗೈ ಊರಿ ಬರ್ಯಾಕ ಹೇಳ್ರಿ. ಪೆನ್ನಿನ ಗೆರಿ ಅಷ್ಟ ಮೂಡಬೇಕು, ಅಂಗೈ ಗುರುತು ಮೂಡಬಾರದು. ಅಷ್ಟಿದ್ರ ಸಾಕು, ಉಳಿದದ್ದೆಲ್ಲಾ ಶೋಕಿ” ಎಂದರು. ಎಂಥ ಮಾತು ನೋಡಿ! ವಸ್ತು ಎಷ್ಟು ದೊಡ್ಡದು ಎಂದು ಕೇಳಬೇಡ, ನಿನ್ನ ಕೈ ಅದರ ಮೇಲೆ ಕೂರುತ್ತದೆಯೇ ಎಂದು ಕೇಳು.

ಅಪ್ಪ ಮಗಳು ಅಂಗಡಿಗೆ ಹೋದರು. ಅಂಗಡಿಯವನು ಮೊದಲು ತೆಗೆದದ್ದು ಕನ್ನಡಿಯ ಹಾಗೆ ಹೊಳೆಯುವ ದೊಡ್ಡ ಟ್ಯಾಬನ್ನು. “ಇದರಾಗ ಎಲ್ಲಾ ಐತ್ರಿ ಯಜಮಾನ್ರ. ಪೆನ್ನು ಮಾತ್ರ ಬ್ಯಾರೆ ತಗೋಬೇಕಾಕ್ಕೈತಿ” ಎಂದ. ದ್ಯಾಮಣ್ಣ ಕೇಳಿದ, “ಅಂಗಿ ಕೊಟ್ಟು ಗುಂಡಿ ಬ್ಯಾರೆ ಮಾರತೀರೇನ್ರಿ?” ಅಂಗಡಿಯವನು ನಕ್ಕು ಎಲ್ಲಕ್ಕಿಂತ ಅಗ್ಗದ್ದನ್ನು ತೆಗೆದ. ಕಸ್ತೂರಿ ಅಂಗೈ ಊರಿದ್ದೇ ತಡ, ಅದರ ಮೇಲೆ ಕೋಳಿ ಕೆದರಿದ ಹಾಗೆ ಗೆರೆಗಳು! ಅದೂ ಬೇಡವಾಯಿತು. ಕೊನೆಗೆ ಮೂಲೆಯಿಂದ ಒಂದು ಸಣ್ಣ ಟ್ಯಾಬ್ ಬಂತು. “ಹೋದ ವರ್ಷದ್ದರಿ. ಪೆನ್ನು ಡಬ್ಬಿಯೊಳಗ ಐತಿ. ಈಗ ಇದನ್ನ ಯಾರೂ ಕೇಳಂಗಿಲ್ಲ” ಎಂದ. ಕಸ್ತೂರಿ ಅಂಗೈ ಊರಿ ತನ್ನ ಹೆಸರು ಬರೆದಳು. ಹೆಸರು ಮೂಡಿತು, ಹೆಸರಷ್ಟೇ ಮೂಡಿತು. ದ್ಯಾಮಣ್ಣ ಹೇಳಿದ, “ಹೋದ ವರ್ಷದ್ದಾದ್ರ ಏನಾತ್ರಿ? ನನ್ನ ಇಸ್ತ್ರಿಪೆಟ್ಟಿಗಿ ಐವತ್ತು ವರ್ಷದ್ದು.” ಹಾಸಿಗೆ ಇದ್ದಷ್ಟು ಕಾಲು ಚಾಚುವವನು ಅವನು. ಆ ಡಬ್ಬಿಯನ್ನು ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದ.

ಇಲ್ಲಿಗೆ ಕಥೆ ಮುಗಿಯಬೇಕಿತ್ತಲ್ಲವೇ? ಒಳ್ಳೆಯ ಅಪ್ಪ, ಒಳ್ಳೆಯ ಮಗಳು, ಒಳ್ಳೆಯ ಟ್ಯಾಬು. ಮಂಗಳ ಹಾಡಿ ಎದ್ದು ಹೋಗಬಹುದಿತ್ತು. ಆದರೆ ಒಳ್ಳೆಯವರು ಮಾಡುವ ತಪ್ಪುಗಳೇ ಬೇರೆ ಇರುತ್ತವೆ, ಕೇಳಿ.

ಮನೆಗೆ ಬಂದೊಡನೆ ಕಸ್ತೂರಿಯ ಅವ್ವ ಟ್ಯಾಬನ್ನು ದೇವರ ಜಗಲಿಯ ಮೇಲೆ ಇಟ್ಟಳು. ನಡುಮಧ್ಯಕ್ಕೆ ಅರಿಷಿಣ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗಿದಳು. ಕುಂಕುಮ ಬಿದ್ದದ್ದು ಎಲ್ಲಿ? ಕಂಪನಿಯವರು ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ. ಆ ಹಾಳೆಯನ್ನು ಯಾರೂ ಕೀಳಲಿಲ್ಲ. ಕಿತ್ತರೆ ಗೀರು ಬಿದ್ದೀತಲ್ಲ! ದ್ಯಾಮಣ್ಣ ಹಳೆಯ ರೇಷ್ಮೆ ಸೆರಗಿನ ತುಂಡೊಂದನ್ನು ಒಂದು ಸುಕ್ಕೂ ಉಳಿಯದಂತೆ ಇಸ್ತ್ರಿ ಮಾಡಿ ಟ್ಯಾಬಿಗೆ ಸುತ್ತಿಕೊಟ್ಟ.

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಒಂದು ಪದ್ಧತಿ ಕಲಿಸಿರುತ್ತೇವೆ. ರಫ್ ಬುಕ್ಕು ಒಂದು, ಫೇರ್ ಬುಕ್ಕು ಒಂದು. ಗೀಚುವುದು ರಫ್ಫಿನಲ್ಲಿ, ಅಂದವಾಗಿ ಬರೆಯುವುದು ಫೇರಿನಲ್ಲಿ. ಕಸ್ತೂರಿ ಆ ಟ್ಯಾಬನ್ನು ನೋಡಿದಾಗೆಲ್ಲ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಅಪ್ಪನ ಬೆರಳು. ಇದ್ದಿಲಿನ ಕಾವಿಗೆ ಕರಕಲಾದ ಬೆರಳು. ಅಂಥ ಬೆರಳಿನ ದುಡಿಮೆಯ ಮೇಲೆ ಹೇಗೆ ಗೀಚಲಿ? ತರಗತಿಯಲ್ಲಿ ಹಳೆಯ ನೋಟ್‌ಬುಕ್ಕಿನಲ್ಲೇ ಗೀಚಿಕೊಳ್ಳುತ್ತೇನೆ, ಮನೆಯಲ್ಲಿ ಕೂತು ಮುತ್ತಿನಂಥ ಅಕ್ಷರದಲ್ಲಿ ಟ್ಯಾಬಿಗೆ ಏರಿಸುತ್ತೇನೆ ಎಂದುಕೊಂಡಳು. ಇವತ್ತಲ್ಲ, ನಾಳೆ. ನಾಳೆಯಲ್ಲ, ಭಾನುವಾರ. ಟ್ಯಾಬು ಬೀರುವಿನಲ್ಲಿ ರೇಷ್ಮೆ ಹೊದ್ದು ಮಲಗಿತು. ತರಗತಿಯಲ್ಲಿ ಹೃದಯ ಮುಗಿಯುವಷ್ಟರಲ್ಲಿ ಮತ್ತೆ ಮೂತ್ರಪಿಂಡ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ಒಂದು ಪ್ಲಾಸ್ಟಿಕ್ ಹಾಳೆ. ಎರಡನೆಯ ಟೆಸ್ಟಿನಲ್ಲೂ ಕಸ್ತೂರಿ ಫೇಲು. ಉಳಿದದ್ದು ಒಂದೇ ಒಂದು ಟೆಸ್ಟು.

ಒಂದು ಶನಿವಾರ ಮೇಡಂ ಸೀರೆ ಒಯ್ಯಲು ಬಂದವರು ಕೇಳಿದರು. “ದ್ಯಾಮಣ್ಣ, ಮಗಳಿಗೆ ಟ್ಯಾಬ್ ಕೊಡಸೀನಿ ಅಂದ್ರಿ. ಕ್ಲಾಸಿನ್ಯಾಗ ನಾ ಒಮ್ಮಿನೂ ನೋಡಿಲ್ಲಲ್ರೀ?”

ದ್ಯಾಮಣ್ಣನ ಕೈ ನಿಂತುಬಿಟ್ಟಿತು. ಇಪ್ಪತ್ತು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಡದವನು ಅವತ್ತು ತನ್ನದೇ ಟವೆಲ್ಲಿಗೆ ಕರಿಕಲೆ ಮಾಡಿಕೊಂಡ. ಅವನ ತಲೆಗೆ ಬಂದದ್ದು ಒಂದೇ ಯೋಚನೆ. ಮಗಳಿಗೆ ನಾಚಿಕೆ. ಎಲ್ಲರ ಕೈಯಲ್ಲಿ ಹೊಸದು ಇರುವಾಗ ಯಾರೂ ಕೇಳದ ಹೋದ ವರ್ಷದ್ದನ್ನು ತೆಗೆಯಲು ನಾಚಿಕೆ. ಅಪ್ಪ ತಂದದ್ದು ಅಗ್ಗದ್ದು ಎಂದು ನಾಚಿಕೆ.

ಮರುದಿನ ಭಾನುವಾರ ಮಧ್ಯಾಹ್ನ ಮಗಳನ್ನು ಎದುರಿಗೆ ಕೂರಿಸಿಕೊಂಡ. “ಕಸ್ತೂರವ್ವ, ಖರೆ ಹೇಳು. ನಾ ತಂದದ್ದು ನಿನಗ ಹಿಡಿಸಲಿಲ್ಲೇನ?”

ಕಸ್ತೂರಿ ಎದ್ದು ಹೋಗಿ ಬೀರು ತೆಗೆದಳು. ರೇಷ್ಮೆ ಬಿಚ್ಚಿದಳು. ಪ್ಲಾಸ್ಟಿಕ್ ಹಾಳೆ ಇದ್ದ ಹಾಗೇ ಇತ್ತು, ಅದರ ಮೇಲೆ ಅವ್ವ ಇಟ್ಟ ಕುಂಕುಮವೂ ಇದ್ದ ಹಾಗೇ ಇತ್ತು. “ಹಿಡಿಸಲಿಲ್ಲಂತ ಅಲ್ಲಪ್ಪಾ. ನೀ ಕೈ ಸುಟ್ಕೊಂಡು ತಂದಿದ್ದು ಇದು. ಇದರ ಮ್ಯಾಲ ಗೀಚಿ ಕೆಡಸಾಕ ನನಗ ಮನಸ್ಸ ಬರಲಿಲ್ಲ” ಎಂದು ಅತ್ತಳು.

ಅಪ್ಪನಿಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಸಿಟ್ಟೂ ಬಂತು. ಅಂಗಳದಿಂದ ಇಸ್ತ್ರಿಪೆಟ್ಟಿಗೆ ತಂದು ಮಗಳ ಮುಂದೆ ಇಟ್ಟ. ಅದರ ಮರದ ಹಿಡಿಕೆ ಎರಡು ತಲೆಮಾರಿನ ಕೈ ಸವೆಸಿ ನಡುವೆ ತೆಳ್ಳಗಾಗಿತ್ತು. “ಇದನ್ನ ನಮ್ಮಪ್ಪ ನನಗ ಕೊಟ್ಟ. ಅಂವನೂ ಕೈ ಸುಟ್ಕೊಂಡಿದ್ದ. ನಾ ಇದಕ್ಕ ಕುಂಕುಮ ಹಚ್ಚಿ ಜಗಲಿ ಮ್ಯಾಲ ಇಟ್ಟಿದ್ರ ನೀ ಇವತ್ತ ಬಿಳಿ ಕೋಟು ಹಾಕ್ಕೋತಿದ್ದೇನ? ಸವಿಸೇನಿ ಯವ್ವಾ. ನಮ್ಮಪ್ಪನ ಋಣ ಸವಿಸಿ ತೀರಿಸೇನಿ.”

ಹೀಗೆಂದವನೇ ಪ್ಲಾಸ್ಟಿಕ್ ಹಾಳೆಯ ಮೂಲೆ ಕೀಳಲು ಹೋದ. ಕಾದು ಗಟ್ಟಿಯಾದ ಬೆರಳಿಗೆ ಆ ತೆಳು ಹಾಳೆ ಸಿಕ್ಕಲಿಲ್ಲ. ಕಸ್ತೂರಿಯೇ ಉಗುರು ಹಾಕಿ ಕಿತ್ತಳು. ಕುಂಕುಮದ ಸಮೇತ ಹಾಳೆ ಎದ್ದು ಬಂತು. ದ್ಯಾಮಣ್ಣ ಪೆನ್ನು ತೆಗೆದುಕೊಂಡ. ಸಹಿ ಮಾಡಲು ಮಾತ್ರ ಕಲಿತವನು ಅವನು. ಅಂಗೈ ಊರಿದ, ಆ ಹೊಸ ಪರದೆಯ ಮೇಲೆ ಅಡ್ಡಾದಿಡ್ಡಿಯಾಗಿ ಒಂದು ಗೆರೆ ಎಳೆದ. ಪೆನ್ನನ್ನು ಮಗಳ ಕೈಗೆ ಕೊಟ್ಟ.

“ತಗೋ, ಕೆಟ್ಟಹೋತು. ಇನ್ನ ಬರಿ.”

ಕಸ್ತೂರಿ ಅಳುತ್ತಲೇ ನಕ್ಕಳು. ಸೋಮವಾರ ಟ್ಯಾಬು ಕಾಲೇಜಿಗೆ ಹೋಯಿತು. ಅವಳು ಗೀಚಿದಳು, ಅಳಿಸಿದಳು, ಮತ್ತೆ ಗೀಚಿದಳು. ಮೇಡಂ ಹೃದಯದಿಂದ ಮೂತ್ರಪಿಂಡಕ್ಕೆ ಇಳಿದಾಗ ಇವಳೂ ಅವರ ಜೊತೆಗೇ ಇಳಿದಳು. ಮೂರನೆಯ ಟೆಸ್ಟಿನಲ್ಲಿ ಪಾಸಾದಳು. ಮೊದಲ ಸ್ಥಾನವೇನಲ್ಲ, ಪಾಸು. ಆ ಸುದ್ದಿ ಹೇಳಲು ಬಿಳಿ ಕೋಟಿನಲ್ಲೇ ಗೇಟು ದಾಟಿ ಬೇವಿನ ಮರದ ಕೆಳಗೆ ಓಡಿ ಬಂದಳು. ಟ್ಯಾಬಿನ ಮೊದಲ ಪುಟದಲ್ಲಿ ಅಪ್ಪನ ಆ ಸೊಟ್ಟ ಗೆರೆ ಇನ್ನೂ ಇದೆಯಂತೆ. ಅದೊಂದನ್ನು ಮಾತ್ರ ಅವಳು ಅಳಿಸಿಲ್ಲ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಅಜ್ಜ, ಏಳಿ, ಇದು ನಿಮಗೂ ಸೇರಿದ್ದು. ನಿಮ್ಮ ಮನೆಯಲ್ಲಿ ಯಾವ ಯಾವುದಕ್ಕೆ ಪ್ಲಾಸ್ಟಿಕ್ ಹಾಳೆ ಹಾಗೇ ಇದೆ? ಹೊಸ ಕಾರಿನ ಸೀಟಿಗೆ? ಮಗಳು ಮೊದಲ ಸಂಬಳದಲ್ಲಿ ತಂದ ಸೀರೆಗೆ? ನಗಬೇಡಿ, ನನ್ನ ಮನೆಯದೂ ಹೇಳುತ್ತೇನೆ. ಹೋದ ವರ್ಷ ನೀವು ಪ್ರೀತಿಯಿಂದ ನನಗೊಂದು ಶಾಲು ಹೊದಿಸಿದಿರಿ. ಎಷ್ಟು ಒಳ್ಳೆಯ ಶಾಲು ಎಂದು ಮತ್ತೆ ಕವರಿಗೆ ಹಾಕಿ ಪೆಟ್ಟಿಗೆಯಲ್ಲಿ ಇಟ್ಟೆ. ಮೊನ್ನೆ ತೆಗೆದರೆ ನಡುವೆ ಇಲಿ ಕಡಿದಿದೆ. ನಾನು ಉಪಯೋಗಿಸದ ನಿಮ್ಮ ಪ್ರೀತಿಯನ್ನು ಇಲಿಯಾದರೂ ಉಪಯೋಗಿಸಿತು! ಇವತ್ತು ಅದೇ ಶಾಲು ಹೊದ್ದು ಕೂತಿದ್ದೇನೆ, ತೂತು ನಿಮಗೆ ಕಾಣುತ್ತಿರಬೇಕು.

ಶಾಲು, ಸೀರೆ, ಸೀಟು ಹೋಗಲಿ ಬಿಡಿ. ದೇವರು ನಿಮಗೆ ಕಂಠ ಕೊಟ್ಟ, ಚೆನ್ನಾಗಿ ಹಾಡಲು ಬಂದ ಮೇಲೆ ಹಾಡುತ್ತೇನೆ ಎಂದಿರಿ. ಕೈ ಕೊಟ್ಟ, ಪುರುಸೊತ್ತು ಆದ ಮೇಲೆ ನಾಲ್ಕು ಜನರಿಗೆ ನೆರವಾಗುತ್ತೇನೆ ಎಂದಿರಿ. ಹೆಂಡತಿ ಮೂವತ್ತು ವರ್ಷದಿಂದ ರೊಟ್ಟಿ ಬಡಿದು ಹಾಕುತ್ತಿದ್ದಾಳೆ. ರುಚಿಯಾಗಿದೆ ಎಂಬ ಒಂದು ಮಾತನ್ನು ಯಾವ ಹಬ್ಬಕ್ಕೆ ಎತ್ತಿಟ್ಟಿದ್ದೀರಿ? ಇದೆಲ್ಲ ಫೇರ್ ಬುಕ್ಕಿಗೆ ಎಂದು ಇಟ್ಟುಕೊಂಡದ್ದು. ಆದರೆ ಬದುಕಿನಲ್ಲಿ ಫೇರ್ ಬುಕ್ಕು ಇಲ್ಲ. ಇರುವುದೊಂದೇ ಬುಕ್ಕು, ಅದರಲ್ಲೇ ಗೀಚಬೇಕು, ಅದರಲ್ಲೇ ತಿದ್ದಬೇಕು. ಕೊಟ್ಟವನಿಗೆ ಕೈಮುಗಿಯುವುದು ಒಳ್ಳೆಯದೇ. ಆದರೆ ಮುಗಿದ ಕೈಯಲ್ಲಿ ಪೆನ್ನು ಹಿಡಿಯಲು ಆಗುವುದಿಲ್ಲ. ಕೈಮುಗಿದಾದ ಮೇಲೆ ಕೈ ಬಿಡಿಸಿ, ಊರಿ, ಬರೆಯಿರಿ. ಕೊಟ್ಟವನು ಕಾಯುತ್ತಿರುವುದು ಅದಕ್ಕೇ.

ಇವತ್ತು ಮನೆಗೆ ಹೋದ ಮೇಲೆ ಒಂದು ಹಾಳೆ ಕೀಳಿ. ಒಂದೇ ಸಾಕು. ಆ ಸೀರೆ ಉಟ್ಟುಕೊಳ್ಳಿ, ಅಥವಾ ಆ ಒಳ್ಳೆಯ ಮಾತು ಆಡಿ, ರೊಟ್ಟಿ ತಟ್ಟೆಯಲ್ಲಿ ಬಿಸಿಯಾಗಿ ಇರುವಾಗಲೇ ಆಡಿ. ಅಭ್ಯಾಸವಿಲ್ಲದ ಬಾಯಿ, ಮಾತು ಸೊಟ್ಟಗೆ ಬರುತ್ತದೆ. ನಿಮ್ಮಾಕೆ ಇವರಿಗೆ ಇವತ್ತೇನಾಯಿತು ಎಂದು ನಿಮ್ಮ ಮುಖವನ್ನೇ ನೋಡುತ್ತಾಳೆ. ನೋಡಲಿ. ದ್ಯಾಮಣ್ಣನನ್ನು ನೆನೆಸಿಕೊಂಡು ನಿಮಗೆ ನೀವೇ ಹೇಳಿಕೊಳ್ಳಿ: ತಗೋ, ಕೆಟ್ಟಹೋತು. ಇನ್ನ ಬರಿ.