ಗೋಣಿಮರದ ಕ್ರಾಸಿನಲ್ಲಿ ಒಂದೇ ಕೂಗು

ರಾತ್ರಿ ಗೋಣಿಮರದ ಕ್ರಾಸ್ ದಾಟುವಾಗ ನಾಗೇಶಣ್ಣ ಬೀಡಿ ಆರಿಸುತ್ತಾನೆ. ಕೆಮ್ಮು ಬಂದರೆ ನುಂಗುತ್ತಾನೆ. ಮರದ ಬುಡದಲ್ಲಿ ಒಂದು ಗಳಿಗೆ ನಿಂತು ಕಿವಿ ಕೊಡುತ್ತಾನೆ... ಆಮೇಲೆ ನಡೆಯುತ್ತಾನೆ. ಯಾಕೆ ಅಂತ ಕೇಳಿದರೆ ಹೇಳೋದಿಲ್ಲ. ನಾನು ಹೇಳುತ್ತೇನೆ. ಅವನು ನನ್ನ ದೊಡ್ಡಮ್ಮನ ಮಗ, ಗಾರೆ ಕೆಲಸದವನು. ನಾನು ಐದನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಲಾರಿ ಹತ್ತಿದವನು. ಲಾರಿ ಸ್ಟ್ಯಾಂಡುಗಳಲ್ಲಿ ದೆವ್ವದ ಕತೆ ಸಾವಿರ ಕೇಳಿದ್ದೇನೆ, ನಕ್ಕಿದ್ದೇನೆ. ಇದಕ್ಕೆ ನಗು ಬರೋದಿಲ್ಲ. ಸಿಟ್ಟು ಬರುತ್ತದೆ.

ಎರಡು ಸಾವಿರದ ಮೂರನೇ ಇಸವಿ. ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆ ಹೋದರೆ ಈ ಕ್ರಾಸ್ ಸಿಗುತ್ತದೆ. ಕಾಫಿ ಎಸ್ಟೇಟಿನ ಆಳುಗಳ ಲೈನು ಮನೆಗಳು ಇಲ್ಲಿಂದ ಎರಡು ಕಿಲೋಮೀಟರ್ ಮೇಲೆ. ಕಾಟಿ, ಅಂದರೆ ಕಾಡುಕೋಣಗಳ ಹಿಂಡು ಅಡ್ಡ ನಿಲ್ಲುವ ದಾರಿ ಅದು. ಹಾಗಾಗಿ ಹೆಂಗಸರು ಒಬ್ಬೊಬ್ಬರೇ ಹತ್ತೋದಿಲ್ಲ. ಎಂಟರ ಚಿಕ್ಕಮಗಳೂರು ಬಸ್ಸಲ್ಲಿ ಇಳಿದವರು ಎಂಟೂವರೆಯ ಬಾಳೆಹೊನ್ನೂರು ಬಸ್ಸಿನವರಿಗೆ ಕಾಯುತ್ತಾರೆ. ಎಲ್ಲ ಸೇರಿ ಒಟ್ಟಿಗೆ ಹೊರಡೋದು.

ಕಾಯೋದಕ್ಕೆ ಮೊದಲು ಒಂದು ಹಳೇ ತಂಗುದಾಣ ಇತ್ತು. ನಾಲ್ಕು ಕಂಬ, ತಗಡಿನ ಮಾಡು, ಸೊಂಟದೆತ್ತರದ ಮೋಟುಗೋಡೆ. ಮಳೆಗಾಲದಲ್ಲಿ ಎರಚಲು ಹೊಡೆದು ಕೂತವರ ಸೀರೆಯೆಲ್ಲ ಒದ್ದೆ. ಆದರೆ ಯಾರು ಕೂತಿದ್ದಾರೆ ಅಂತ ರಸ್ತೆಯಿಂದ ಕಾಣುತ್ತಿತ್ತು. ಎದುರಿನ ಕೆಂಪಯ್ಯಣ್ಣನ ಟೀ ಅಂಗಡಿಯಿಂದಲೂ ಕಾಣುತ್ತಿತ್ತು. ಹೆಂಗಸರು ಪಂಚಾಯ್ತಿಯಲ್ಲಿ ಕೇಳಿದ್ದು ಎರಡೇ... ಎರಚಲಿಗೆ ಒಂದು ಮರೆ, ಮಾಡಿಗೆ ಒಂದು ದೀಪ.

ಸಿಕ್ಕಿದ್ದು ಎಂಥದು? ಪೆಟ್ಟಿಗೆ! ಮೂರು ಕಡೆ ಸೂರಿನವರೆಗೆ ಗೋಡೆ. ಕಿಟಕಿ ಇಲ್ಲ. ಮುಂದುಗಡೆ ಒಬ್ಬರು ನುಗ್ಗುವಷ್ಟು ಬಾಗಿಲ ಜಾಗ. ನೆಲಕ್ಕೆ ಮುಖ ಕಾಣುವಂಥ ಟೈಲ್ಸು. ಹೊರಗೋಡೆ ತುಂಬ ಮೆಂಬರುಗಳ ಹೆಸರು, ಅದರ ಮೇಲೆ ಕೆಂಪಕ್ಷರದಲ್ಲಿ 'ಸುರಕ್ಷಿತ, ಸುಸಜ್ಜಿತ ಮಹಿಳಾ ತಂಗುದಾಣ'.

ಕಟ್ಟಿದವನು ನಾಗೇಶಣ್ಣನೇ. ಕೂಲಿಗೆ. "ಸಾರ್, ಒಂದು ಕಿಟಕಿ ಬಿಡೋಣ" ಅಂತ ಇಂಜಿನಿಯರನ್ನು ಕೇಳಿದನಂತೆ. "ಕಿಟಕಿ ಇಟ್ರೆ ಹೆಸರು ಎಲ್ಲಿ ಬರೆಸೋದೋ?" ಅಂದನಂತೆ ಆ ಪುಣ್ಯಾತ್ಮ. ಉದ್ಘಾಟನೆಯ ದಿನ ಮುದ್ದಮ್ಮಕ್ಕ, ಲೈನಿನಲ್ಲಿ ಎಲ್ಲರಿಗಿಂತ ಹಳೇ ಆಳು, ಮೆಂಬರ್ ಬಸವರಾಜಪ್ಪನವರ ಎದುರಿಗೇ ಕೇಳಿಬಿಟ್ಟಳು.

"ಸ್ವಾಮಿ, ಒಳಗೆ ಕೂತ್ರೆ ಬಸ್ ಬಂದದ್ದು ಹೆಂಗೆ ಕಾಣ್ತದೆ?"

"ನಿಂಗೆ ಬಸ್ ಕಾಣದಿದ್ರೆ ಬಸ್ಸಿಗೇ ನೀನು ಕಾಣ್ತೀಯ ಬಿಡು ಮುದ್ದಮ್ಮ!"

ಎಲ್ಲ ನಕ್ಕರು. ಲಡ್ಡು ತಿಂದೆವು. ಆ ದಿನ ಹಾಕಿದ್ದ ಟ್ಯೂಬ್‌ಲೈಟನ್ನು ಮರುದಿನ ಬಿಚ್ಚಿಕೊಂಡು ಹೋದರು. ಬಾಡಿಗೆಯದಂತೆ.

ಜೂನ್ ಕೊನೆ. ರಾತ್ರಿ ಎಂಟೂಕಾಲಿರಬೇಕು. ನಾನು, ನಾಗೇಶಣ್ಣ, ಕೆಂಪಯ್ಯಣ್ಣ ಟೀ ಅಂಗಡಿಯ ಒಲೆ ಮುಂದೆ ಕೈ ಕಾಯಿಸುತ್ತಾ ಕೂತಿದ್ದೆವು. ಆಗ ತಂಗುದಾಣದ ಕಡೆಯಿಂದ...

ಕೂ...

ಒಂದೇ ಸಲ.

ನಮ್ಮ ಕಡೆ ಕಾಡಲ್ಲಿ, ತೋಟದಲ್ಲಿ ಒಬ್ಬರನ್ನೊಬ್ಬರು ಕೂ ಹಾಕಿಯೇ ಕರೆಯೋದು. ಮನುಷ್ಯರಾದರೆ ಮೂರು ಸಲ ಹಾಕುತ್ತಾರೆ. ಕತ್ತಲಾದ ಮೇಲೆ ಒಂದೇ ಕೂಗು ಬಂದರೆ ಓಗೊಡಬಾರದು. ಓಗೊಟ್ಟವನ ಉಸಿರು ಅದರ ಹಿಂದೆಯೇ ಹೋಗುತ್ತದೆ ಅಂತ ನಮಗೆಲ್ಲ ಹಾಲು ಕುಡಿಸುವಾಗಲೇ ಹೇಳಿಕೊಟ್ಟದ್ದು. ಮೂವರೂ ಮುಖ ಮುಖ ನೋಡಿಕೊಂಡೆವು. ಎರಡನೆಯದಕ್ಕೆ ಕಾದೆವು. ಬರಲಿಲ್ಲ. ಕೆಂಪಯ್ಯಣ್ಣ ಒಲೆಗೆ ಒಂದು ಚಿಟಿಕೆ ಉಪ್ಪು ಹಾಕಿದ. ಚಟ್ ಚಟ್ ಅಂತು. ಎದ್ದು ಮನೆಗೆ ಹೋದೆವು. ಆ ದಿನ ಬಾಳೆಹೊನ್ನೂರು ಬಸ್ಸಲ್ಲಿ ಇಳಿದ ಹೆಂಗಸರೂ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಕಪ್ಪು ಬಿಟ್ಟರೆ ಎಂತದೂ ಕಾಣಲಿಲ್ಲ. ಮುದ್ದಮ್ಮ ಬಂದಿಲ್ಲ ಅಂದುಕೊಂಡು ಲೈನಿನ ಕಡೆ ಹತ್ತಿದರು.

ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ಮೂತ್ರಕ್ಕೆ ಅಂತ ಆ ಕಡೆ ಹೋದವನು ಕಿರುಚಿದ. ಒಳಗೆ ಮುದ್ದಮ್ಮಕ್ಕ. ಒದ್ದೆ ಟೈಲ್ಸಿನ ಮೇಲೆ ಜಾರಿ ಬಿದ್ದು, ತಲೆ ಕಲ್ಲು ಬೆಂಚಿಗೆ ಬಡಿದು... ಮೈ ಇನ್ನೂ ಪೂರಾ ತಣ್ಣಗಾಗಿರಲಿಲ್ಲ. ಅಂದರೆ ಬೆಳಗಿನ ಜಾವದವರೆಗೂ ಇದ್ದಳು. ಅವಳಿಗೆ ಒಂದೇ ಕೂಗಿನಷ್ಟು ಉಸಿರಿತ್ತು ಮಾರಾಯರೆ. ನಾವು ಮೂರು ಬೇಕು ಅಂತ ಕೂತೆವು!

ಆಮೇಲೆ ಶುರುವಾಯಿತು. ಮೋಡ ಕಟ್ಟಿದ ರಾತ್ರಿಗಳಲ್ಲಿ ತಂಗುದಾಣದೊಳಗಿಂದ ಒಂದು ಕೂ. ಕಾಡಲ್ಲಿ ಹಾಕಿದ ಕೂ ತೇಲಿ ಹೋಗುತ್ತದೆ. ಇದು ಗೋಡೆಗೆ ಬಡಿದು ಕೊಡದೊಳಗೆ ಬಾಯಿಟ್ಟು ಕೂಗಿದ ಹಾಗೆ ಗುಂಯ್ ಅನ್ನುತ್ತಿತ್ತು. ಹೆಂಗಸರು ಸುರಿಯುವ ಮಳೆಯಲ್ಲಿ ಗೋಣಿಮರದ ಬುಡಕ್ಕೆ ನಿಂತರು. ಬಸವರಾಜಪ್ಪನವರು ಬಾಗಿಲಿಗೆ ನಿಂಬೆಹಣ್ಣು, ಕುಂಬಳಕಾಯಿ ಕಟ್ಟಿಸಿದರು. ದೀಪ ಹಾಕಿಸಿದರಾ? ಇಲ್ಲ. ಕುಂಬಳಕಾಯಿ!

ಜುಲೈ ಕೊನೆಯ ವಾರ ನಾನು ಲಾರಿಯಲ್ಲಿ ಮಂಗಳೂರಿಗೆ ಹೋಗಿದ್ದೆ. ಮುಂದಿನದ್ದು ನಾಗೇಶಣ್ಣ, ಕೆಂಪಯ್ಯಣ್ಣ ಹೇಳಿದ್ದು. ಇಬ್ಬರೂ ಬೇರೆ ಬೇರೆ ದಿನ ಹೇಳಿದರು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.

ಆ ದಿನ ರಸ್ತೆ ಪಕ್ಕದ ಧರೆ ಕುಸಿದು ಬಾಳೆಹೊನ್ನೂರು ಬಸ್ ಬರಲೇ ಇಲ್ಲ. ಆ ಕಡೆ ಕೆಲಸಕ್ಕೆ ಹೋಗಿದ್ದ ನಾಗೇಶಣ್ಣ ನಡೆದೇ ಹೊರಟ. ಗೋಣಿಮರಕ್ಕೆ ಬರುವಾಗ ಒಂಬತ್ತೂವರೆ. ಮರದ ಬುಡದಲ್ಲಿ ಯಾರೂ ಇಲ್ಲ. ಎಲೆಯಿಂದ ಕೊಡೆ ಮೇಲೆ ತೊಪ್... ತೊಪ್... ಅಂತ ದಪ್ಪ ಹನಿ. ಆಗ ಅವನಿಗೆ ಹೊಳೆಯಿತು. ಅವನ ಹೆಂಡತಿ ಯಶೋದಾ ಆಲ್ದೂರಿನ ಟೈಲರ್ ಅಂಗಡಿಗೆ ಹೋಗುವವಳು, ಎಂಟರ ಬಸ್ಸಲ್ಲಿ ಇಳಿದಿರಬೇಕು. ಜೊತೆಯವರು ಬರದಿದ್ದರೆ ಎಲ್ಲಿ ಹೋದಳು?

ಕೆಂಪಯ್ಯಣ್ಣನ ಅಂಗಡಿಯ ಹಲಗೆ ಅರ್ಧ ಮುಚ್ಚಿತ್ತು.

"ಅಣ್ಣ... ಯಶೋದಾ ಮೇಲೆ ಹೋದ್ಲಾ?"

"ಇಳ್ದದ್ದು ನೋಡ್ದೆ. ಮರದ ಕೆಳಗೇ ನಿಂತಿದ್ಲು. ಆಮೇಲೆ ಮಳೆ ಹೊಡೀತು ನೋಡು... ಮತ್ತೆ ಕಾಣ್ಲಿಲ್ಲ."

"ಅದರೊಳಗೆ ಹೋದ್ಲಾ?"

"ನಂಗೆ ಹೆಂಗೆ ಕಾಣ್ತದೆ ಮಾರಾಯ? ಗೋಡೆ ಕಟ್ಟಿದವ್ನು ನೀನು."

ಅಷ್ಟರಲ್ಲಿ...

ಕೂ...

ಕೆಂಪಯ್ಯಣ್ಣ ಅವನ ಮಣಿಕಟ್ಟು ಹಿಡಿದುಕೊಂಡ. "ಒಂದೇ. ಓಗೊಡ್ಬೇಡ. ಕಾಯಿ."

ಕಾದರು. ತಗಡಿನ ಮೇಲೆ ಮಳೆ. ಚರಂಡಿಯಲ್ಲಿ ಗೊಳಗೊಳ ನೀರು. ಎರಡನೆಯದು ಇಲ್ಲ.

"ಅವಳದ್ದಾದ್ರೆ?" ಅಂದ ನಾಗೇಶಣ್ಣ.

"ಇವಳದ್ದಲ್ಲ. ಮುದ್ದಮ್ಮಂದು. ನಂಗೆ ಗೊತ್ತು ಆ ಗಂಟಲು. ನೀ ಓಗೊಟ್ರೆ ಸಾಯ್ತೀಯ ಕಣೋ..."

"ಆವತ್ತೂ ಕಾದ್ವಲ್ಲ ಅಣ್ಣ, ಮೂರು ಜನ ಗಂಡಸ್ರು! ಏನು ಉಳಿಸಿಕೊಂಡ್ವಿ?"

ಕೈ ಕೊಸರಿಕೊಂಡು ರಸ್ತೆಗೆ ಇಳಿದ. ಹೊಟ್ಟೆಯೊಳಗಿನ ಭಯವನ್ನೆಲ್ಲ ಒದ್ದು ಹೊರಗೆ ಹಾಕುವವನ ಹಾಗೆ ಕೂಗಿದ.

"ಓ...! ಬಂದೆ...!"

ಉಸಿರು ಹೋಗಲಿಲ್ಲ. ಓಡಿದ. ಬಾಗಿಲ ಹತ್ತಿರ ಕಾಲಿಟ್ಟದ್ದೇ ತಡ, ಸರ್ರನೆ ಜಾರಿ ಮಂಡಿ ಬಡಿಯಿತು. ತಾನೇ ಹಾಸಿದ ಟೈಲ್ಸು. ಆಮೇಲೆ ನಾಲ್ಕು ಕಾಲಲ್ಲೇ ಹೋದ. ಕಡ್ಡಿ ಗೀಚಿದ, ನಂದಿತು. ಕತ್ತಲಲ್ಲಿ ಕೈಯಾಡಿಸುತ್ತಾ ಹೋದವನ ಬೆರಳಿಗೆ ಬಳೆ ಸಿಕ್ಕಿತು... ಕೈ ಬೆಚ್ಚಗಿತ್ತು.

"ಕೆಂಪಯ್ಯಣ್ಣ! ದೀಪ ತಗಂಡು ಬಾ! ಜೀವ ಇದೆ!"

ಎಸ್ಟೇಟಿನ ಜೀಪಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ತಲೆಗೆ ಆರು ಹೊಲಿಗೆ. "ರಕ್ತ ನಿಂತಿದ್ದಕ್ಕೆ ಉಳ್ಕೊಂಡ್ಲು. ಕಟ್ಟು ಕಟ್ಟಿದ್ದು ಯಾರು, ನೀನಾ?" ಅಂತ ಡಾಕ್ಟರು ನಾಗೇಶಣ್ಣನನ್ನು ಕೇಳಿದರು. ಅವನು ಕೆಂಪಯ್ಯಣ್ಣನ ಮುಖ ನೋಡಿದ. ಕೆಂಪಯ್ಯಣ್ಣ ಇವನ ಮುಖ ನೋಡಿದ. ಇಬ್ಬರೂ ಕಟ್ಟಿರಲಿಲ್ಲ.

ಮರುದಿನ ಯಶೋದತ್ತಿಗೆ ಮಾತಾಡಿದಳು. "ಕಾಲು ಜಾರಿದ್ದೊಂದೇ ನೆನಪು. ಕೂಗೋಕೆ ಬಾಯಿ ಎಲ್ಲಿತ್ತು ನಂಗೆ?"

ನಾಗೇಶಣ್ಣ ಆಸ್ಪತ್ರೆಯಿಂದ ಸೀದಾ ಕ್ರಾಸಿಗೆ ಬಂದ. ಹಾರೆ, ಸುತ್ತಿಗೆ ತಂದ. ಹಾಡುಹಗಲು, ಎಲ್ಲರೂ ನೋಡುತ್ತಿದ್ದ ಹಾಗೆ ಗೋಡೆಗೆ ಹಾಕಿದ ಪೆಟ್ಟು. ಮೊದಲು ಬಿದ್ದದ್ದು ಹೆಸರುಗಳು. ಬಸವರಾಜಪ್ಪನವರು ಬೈಕಲ್ಲಿ ಬಂದರು.

"ಏಯ್, ಸರ್ಕಾರಿ ಆಸ್ತಿ ಕಣೋ ಅದು! ಕೇಸ್ ಹಾಕಿಸ್ತೀನಿ!"

"ಹಾಕ್ಸಿ ಸ್ವಾಮಿ. ಸಾಕ್ಷಿಗೆ ಮುದ್ದಮ್ಮಕ್ಕನ್ನ ಕರೆಸಿ."

"ಕುಡಿದಿದ್ದೀಯೇನೋ?"

"ನೀವು ಒಂದು ರಾತ್ರಿ ಇದರೊಳಗೆ ಕೂತ್ಕೊಳ್ಳಿ. ಮೂರು ಸಲ ಕೂಗಿ. ನಾ ಬರ್ತೀನಿ."

ಮೆಂಬರು ಬೈಕ್ ತಿರುಗಿಸಿದರು. ಲೈನಿನ ಹೆಂಗಸರು ಕೆಲಸಕ್ಕೆ ರಜೆ ಹಾಕಿ ಬಂದು ಕಲ್ಲು ಹೊತ್ತರು. ಎರಚಲು ಬರುವ ಒಂದು ಕಡೆಯ ಗೋಡೆ ಬಿಟ್ಟು ಉಳಿದದ್ದೆಲ್ಲ ಸೊಂಟದೆತ್ತರಕ್ಕೆ ಬಂತು. ಟೈಲ್ಸಿನ ಮೇಲೆಲ್ಲ ಉಳಿಯಿಂದ ಕಚ್ಚು ಹಾಕಿದರು. ಕೆಂಪಯ್ಯಣ್ಣ ದೀಪಕ್ಕೆ ತನ್ನ ಅಂಗಡಿಯಿಂದ ಒಂದು ವೈರು ಎಳೆದ. ಕೇಸು ಇನ್ನೂ ನಡೀತಾ ಇದೆ. ನಾಗೇಶಣ್ಣ ತಿಂಗಳಿಗೊಮ್ಮೆ ಕೋರ್ಟಿಗೆ ಹೋಗುತ್ತಾನೆ, ಮೆಂಬರು ಈಗ ಅಧ್ಯಕ್ಷರಾಗಿದ್ದಾರೆ.

ನಾನು ಮಂಗಳೂರಿನಿಂದ ಬಂದದ್ದು ಮೂರನೇ ದಿನ. ಸೀದಾ ಆಸ್ಪತ್ರೆಗೆ ಹೋದೆ. ಅತ್ತಿಗೆಯ ತಲೆಯಿಂದ ಬಿಚ್ಚಿದ ಬಟ್ಟೆಯನ್ನು ನರ್ಸಮ್ಮ ಕವರಲ್ಲಿ ಕಟ್ಟಿ ಕೊಟ್ಟಿದ್ದರು. ಕವರಿನ ಗಂಟು ಬಿಚ್ಚಿದವನು ನಾನೇ. ಕಾಫಿ ಹಣ್ಣು ಕೊಯ್ಯುವಾಗ ಮುದ್ದಮ್ಮಕ್ಕನಂಥ ಹೆಂಗಸರು ತಲೆಗೆ ಕಟ್ಟುತ್ತಾರಲ್ಲ, ಅಂಥ ಹಳೇ ಸೀರೆಯ ತುಂಡು. ನಡುವೆ ಅಂಗೈಯಗಲ ರಕ್ತ. ಹದಿನೆಂಟು ದಿನದಿಂದ ನಮ್ಮೂರು ಬಿಸಿಲು ಕಂಡಿರಲಿಲ್ಲ. ಹಗ್ಗದ ಮೇಲಿನ ಬಟ್ಟೆಗೆಲ್ಲ ಬೂಷ್ಟು ಹಿಡಿದಿತ್ತು. ಅತ್ತಿಗೆ ಸಿಕ್ಕಿದಾಗ ಅವಳ ಸೀರೆ ಹಿಂಡಿದರೆ ನೀರು ಸುರಿಯುತ್ತಿತ್ತಂತೆ.

ಆ ಬಟ್ಟೆ ಒಣಗಿತ್ತು. ಮಡಚಿದರೆ ಗರ್ ಅನ್ನುವಷ್ಟು. ಮೂಗಿಗೆ ಹಿಡಿದೆ... ಮಾರ್ಚ್ ತಿಂಗಳ ಬಿಸಿಲಿನ ವಾಸನೆ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಮೂಸಿದ ಮೂಗು ಇದೇ.